ಪಡುವಣ ದಿಬ್ಬ

ಜೂನ್ 3, ಬೆಳಿಗ್ಗೆ 11
ಸತ್ಯಪ್ರಮಾಣ ಮಾಡಿ ಒಪ್ಪಿಕೊಳ್ಳುತ್ತೇನೆ: ಸ್ಟಾಫ್‌ರೂಮಿನಿಂದ ಒಂದು ಡಬ್ಬಿ ಚಾಕ್‌ಪೀಸ್ ಕದ್ದೆ. ಉದ್ದೇಶ — ನಮ್ಮೂರಿನ ಮಣ್ಣಿನ ಕೋಟೆಯ ಅಳತೆಗೆ ಗುರುತು ಹಾಕುವುದು. ಪಶ್ಚಾತ್ತಾಪ ಇನ್ನೂ ಬಂದಿಲ್ಲ. ದಿನಾ ತಡವಾಗಿ ಬರುವ ಸಾದಲಿ ಊರಿನ ಬಸ್ಸಿನಲ್ಲಿ ಬರುತ್ತಿರಬೇಕು.

ಕೋಟೆ ಎಂದರೆ ಆಳೆತ್ತರದ ಮಣ್ಣಿನ ಬಳೆ, ಅಷ್ಟೇ. ಒಳಗೆ ಹಿಪ್ಪುನೇರಳೆ ತೋಟಗಳು. ರಸ್ತೆ ಕೆಲಸಕ್ಕೆಂದು ಜೆಸಿಬಿ ಅದನ್ನು ಕೆರೆಯುತ್ತಿದೆ. ಸಂರಕ್ಷಣೆಗೆ ಅರ್ಜಿ ಹಾಕಿದ್ದೇನೆ.

ಜೂನ್ 19
ಪುರಾತತ್ವ ಇಲಾಖೆಯ ಮೋಹನ್‌ಬಾಬು ಬಂದಿದ್ದರು. ಜೊತೆಯಲ್ಲಿ ಒಂದು ಸುತ್ತು ಹಾಕಿದೆವು.
"ಪಡುವಣ ಕಡೆ ಕೋಟೆ ಕಾಣಲ್ವಲ್ಲ ಮೇಷ್ಟ್ರೇ? ಬರೀ ದಿಬ್ಬ ಇದ್ದಂಗಿದೆ."
"ಅದೂ ಕೋಟೇನೇ ಸಾರ್. ಒಂದು ಹಿಡಿ ಮಣ್ಣು ಕೊಡಿ, ವಯಸ್ಸು ಹೇಳ್ಬಿಡ್ತೀನಿ."
ನಕ್ಕರು. ನಕ್ಷೆಯಲ್ಲಿ ಗೆರೆ ಎಳೆದರು. ಬಳೆ ಪೂರ್ತಿಯಾಯಿತು.

ಜುಲೈ 28
ಕೋಟೆಗೆ ಬೋರ್ಡು, ನನಗೆ ಶಾಲು, ಕೇಳುಗರಿಗೆ ಬೋರು. ಜೆಸಿಬಿ ಹೋಯಿತು. ಖುಷಿಯಾಗಬೇಕಿತ್ತು... ಏನೂ ಅನಿಸಲಿಲ್ಲ. ಶಾಲು ಚುಚ್ಚುತ್ತಿತ್ತು.

ಆಗಸ್ಟ್ 9
ಪಡುವಣ ದಿಬ್ಬದ ಪಕ್ಕದ ಹೊಲದ ಆಂಜಿನಮ್ಮಕ್ಕ ಬಂದಿದ್ದಳು. ರೇಷ್ಮೆ ಹುಳ ಸಾಕಲು ಬೇರೆ ಮನೆ ಕಟ್ಟಲೆಂದು ಪಾಯ ತೋಡಿಸಿದ್ದಳಂತೆ. ಕೋಟೆಯ ಗೆರೆಯೊಳಗೆ ಬರುತ್ತದೆಂದು ಪಂಚಾಯ್ತಿಯವರು ನಿಲ್ಲಿಸಿದರಂತೆ.
"ಮಲಗೋ ಮನೇಲೇ ಹುಳ ಸಾಕ್ತಿದೀವಿ ಕಣಪ್ಪ. ಆ ಧೂಳಿಗೆ ನಮ್ ಸೊಸೆ ಮಾಲಾಗೆ ಉಬ್ಬಸ. ರಾತ್ರಿಯೆಲ್ಲ ಉಸಿರು ಸಿಗ್ದೆ ಕೂತೇ ಇರ್ತಾಳೆ."
"ಕಾನೂನು ಅಕ್ಕ. ನನ್ ಕೈಲಿಲ್ಲ."
"ಆ ದಿಬ್ಬ ಯಾವತ್ತಪ್ಪ ಕೋಟೆ ಆಗಿದ್ದು?"
"ಮುನ್ನೂರು ವರ್ಷ ಆಯ್ತಲ್ಲ."
ನನ್ನ ಮುಖ ನೋಡಿದಳು.
"ಆಗ್ಲಿ ಬಿಡಪ್ಪ. ಓದಿರೋನು ನೀನು."
ಹೋದಳು. ಕಾಫಿ ಕುಡಿದೆ. ಪೇಪರ್ ವ್ಯಾಲ್ಯುಯೇಶನ್ ಮಾಡಿದೆ. ಇಪ್ಪತ್ತೆರಡು.

ಆಗಸ್ಟ್ 17
ಉಬ್ಬಸ ಹೆಚ್ಚಾಗಿ ಮಾಲಾಳನ್ನು ಚಿಂತಾಮಣಿ ಆಸ್ಪತ್ರೆಗೆ ಸೇರಿಸಿದ್ದಾರಂತೆ. ಮೋಹನ್‌ಬಾಬು ಅವರಿಗೆ ಪತ್ರ ಬರೆಯಲು ಕೂತೆ. 'ಮಾನ್ಯರೇ, ತಿಳಿಯದೆ ಆದ ತಪ್ಪಿನಿಂದ...' 'ತಿಳಿಯದೆ' ಹೊಡೆದುಹಾಕಿದೆ. ಆ ಪದವಿಲ್ಲದೆ ವಾಕ್ಯ ನಿಲ್ಲಲಿಲ್ಲ.

ಪಡುವಣ ದಿಬ್ಬ ಕೋಟೆಯಲ್ಲ. ಕೆರೆಯ ಹೂಳು. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಊರಿನವರು ಕೆರೆ ತೋಡಿ ಅಲ್ಲಿ ಸುರಿದದ್ದು. ಅದರ ವಯಸ್ಸು ಹೇಳಲು ಮಣ್ಣು ಮುಟ್ಟಬೇಕಾಗಿರಲಿಲ್ಲ. ಬುಟ್ಟಿ ಹೊತ್ತವರ ಸಾಲಿನಲ್ಲಿ ನಾನಿದ್ದೆ. ನನ್ನ ಹಿಂದೆಯೇ ಆಂಜಿನಮ್ಮಕ್ಕ, ತಲೆಯ ಮೇಲೆ ಅದೇ ಹೂಳಿನ ಬುಟ್ಟಿ.