ಹಾಡಿನೊಳಗಿನ ಅತ್ತೆ

ಅಲ್ಜಿಯರ್ಸ್, ಸೋಮವಾರ

ಅತ್ತೆಮ್ಮನಿಗೆ ಉನೀಸಾಳ ಸಲಾಂ.

ಅಂಜೂರ, ಆಲಿವ್ ಎಣ್ಣೆ ತಲುಪಿದವು. ಇನ್ನು ಕಳಿಸಬೇಡಿ, ನಿಮ್ಮ ಮೊಣಕಾಲಿಗೆ ಆ ಗುಡ್ಡ ಇಳಿದು ಹತ್ತುವುದು ಒಳ್ಳೆಯದಲ್ಲ.

ಶುಕ್ರವಾರ ಟೀವಿಯವರು ಊರಿಗೆ ಬರುತ್ತಾರೆ. ನನ್ನ ಹಾಡಿನಲ್ಲಿ ರೊಟ್ಟಿಯ ಪೆಟ್ಟಿಗೆಗೆ ಬೀಗ ಜಡಿದು ಸೊಸೆಯನ್ನು ಉಪವಾಸ ಕೆಡವಿದ ಅತ್ತೆಯನ್ನು ಅವರು ನೋಡಬೇಕಂತೆ. ನಾನು ಕಟ್ಟಿದ ಹಾಡುಗಳಲ್ಲಿ ಮದುವೆಮನೆಯ ಹೆಂಗಸರು ಎದ್ದು ಕುಣಿಯುವುದು ಅದೊಂದಕ್ಕೇ. ಅದು ಬರೀ ಕಟ್ಟುಕಥೆ ಎಂದು ಯಾವ ವೇದಿಕೆಯಲ್ಲೂ ನಾನು ಹೇಳಲಿಲ್ಲ. ನನ್ನ ಗಿಟಾರನ್ನು ಗೋಧಿ ತುಂಬಿದ ಮಣ್ಣಿನ ವಾಡೆಯ ಹಿಂದೆ ಬಚ್ಚಿಟ್ಟು, ರಾತ್ರಿ ನಾನು ನುಡಿಸುವಾಗ ಅದೇನು ಸದ್ದೆಂದು ಮಾವ ಕೇಳಿದರೆ “ರೇಡಿಯೋ ಕಣ್ರೀ, ನೀವು ಮಲಗಿ” ಎಂದವರು ನೀವು. ಅದನ್ನು ಹಾಡಿದರೆ ಯಾರು ಕುಣಿಯುತ್ತಾರೆ?

ಟೀವಿಯವರಿಗೆ ನಿಜ ಹೇಳಿಬಿಡಿ ಎಂದು ಫೋನಿನಲ್ಲಿ ಬೇಡಿಕೊಂಡೆ. ನೀವು ನಕ್ಕಿರಿ. “ಹುಚ್ಚಿ, ಇಷ್ಟು ಹೆಸರು ಮಾಡಿರೋ ಹಾಡನ್ನ ಯಾಕೆ ಕೆಡಿಸ್ತೀಯೆ? ನಾನು ಮುಖ ಗಂಟು ಹಾಕ್ಕೊಂಡು ಕೂತ್ಕೋತೀನಿ, ಬಿಡು.”

ಈಗ ನಿಮ್ಮ ಮಗ ಹೇಳುತ್ತಿದ್ದಾರೆ, ನೀವು ಸಂತೆಗೆ ಹೋಗಿ ಒಂದು ಬೀಗ ಕೊಂಡು ತಂದಿರಂತೆ. ನಾನಿದ್ದಷ್ಟು ಕಾಲ ಆ ಮನೆಯಲ್ಲಿ ಬೀಗವನ್ನೇ ಕಂಡಿರಲಿಲ್ಲ.

ಅದನ್ನು ದಯವಿಟ್ಟು ಹಿಂತಿರುಗಿಸಿ. ಟೀವಿಯವರಿಗೆ ನಾನೇ ಹೇಳುತ್ತೇನೆ, ಗುರುವಾರವೇ ಬರುತ್ತಿದ್ದೇನೆ. ಬಸ್ಸು ತಡವಾದರೆ ನನಗೊಂದು ರೊಟ್ಟಿ ಎತ್ತಿಡಿ.

ನಿಮ್ಮ ಸೊಸೆ,
ಉನೀಸಾ