ಕಮ್ಮಾರ ಹಿಂದೆ ಹೆಜ್ಜೆ ಇಟ್ಟ ಸುತ್ತು

ಗುರುವಾರ, ತಾರೀಖು ಹನ್ನೆರಡು
ಬೆಳಿಗ್ಗೆ, ಅಂಗಡಿಯಿಂದ

ನನ್ನ ಮೊಂಡಿಗೆ,

ನಿನ್ನನ್ನೂ ನಿನ್ನ ಹದಿನೆಂಟು ದಿನದ ಕೂಸನ್ನೂ ನೆನೆದು ಅಜ್ಜಿ ಬರೆಯುವುದು. ಕೂಸು ಮೂರು ಕೇಜಿ ಇದೆ, ಮುಷ್ಟಿ ಬಿಗಿಹಿಡಿದೇ ಮಲಗುತ್ತದೆ, ಭಾನುವಾರ ಕರೆತಂದು ಅಜ್ಜನಿಗೆ ತೋರಿಸುತ್ತೇನೆ ಎಂದು ಬರೆದಿದ್ದೀಯ. ಬಾ. ಆದರೆ ಇದನ್ನು ಪೂರ್ತಿ ಓದಿ ಬಾ. ಓದುವಾಗ ಕೂಸು ತೊಡೆಯ ಮೇಲೆ ಬೇಡ, ನಿನ್ನ ಗಂಡನ ಕೈಗೆ ಕೊಡು. ಅವನಿಗೆ ವಿಷಯ ಗೊತ್ತು.

ನಾನು ಮೂರನೇ ಕ್ಲಾಸಿನವರೆಗೆ ಓದಿದವಳು, ಸುತ್ತಿ ಬಳಸಿ ಬರೆಯಲು ಬರುವುದಿಲ್ಲ. ಅಜ್ಜ ಇಲ್ಲ ಕಣೇ. ಹೋಗಿ ಹನ್ನೊಂದು ವಾರವಾಯಿತು.

ಹಾಗಾದರೆ ಹತ್ತನೇ ಸುತ್ತಿನ ಕಾಗದದಿಂದ ಈಚೆಗೆ ಅಜ್ಜನ ಹೆಸರಲ್ಲಿ ಬರೆದವರು ಯಾರು ಎಂದು ಕೇಳುತ್ತೀಯ. ನಾನೇ. ಅದಕ್ಕೆ ಮುಂಚೆಯೂ ನಾನೇ ತಾನೇ? ಬಾಕ್ಸಿಂಗ್ ಗ್ಲೌಸು ಹೊಲಿದು ಹೊಲಿದು ಊರಿನ ಮುಷ್ಟಿಗಳನ್ನೆಲ್ಲ ಕಾಪಾಡಿದ ಮಹಾನುಭಾವರಿಗೆ ಸಹಿ ಬಿಟ್ಟರೆ ಅಕ್ಷರ ಬಾರದು. ಕಿವಿಯೂ ಹೋದ ಮೇಲೆ ಫೋನೂ ಬೇಡವಾಯಿತು. ನೀನು ಬರೆದದ್ದನ್ನು ಅವರ ಕಿವಿಯಲ್ಲಿ ಕೂಗಿ ಓದಬೇಕು, ಅವರು ಕೂಗಿದ್ದನ್ನು ಬರೆಯಬೇಕು. ಆ ಕಾಲದ ಅವರ ಬಾಕ್ಸರ್ ಕಮ್ಮಾರನೂ ಈ ಕಾಲದ ನಿನ್ನ ಬಾಕ್ಸರ್ ಉದ್ದಗೈಯೂ ರಿಂಗಿನಲ್ಲಿ ಎದುರುಬದುರಾದರೆ ಯಾರು ಗೆಲ್ಲುತ್ತಾರೆ ಅಂತ ಹದಿನೈದು ಸುತ್ತು, ಸುತ್ತಿಗೊಂದು ಕಾಗದ. ಒಬ್ಬ ಸತ್ತು ನಲವತ್ತು ವರ್ಷ, ಇನ್ನೊಬ್ಬ ಆಗ ಹುಟ್ಟಿಯೇ ಇರಲಿಲ್ಲ. ಇಬ್ಬರ ಬೆವರನ್ನೂ ಒರೆಸಿದವಳು ಮಾತ್ರ ನಾನು.

ಅವರು ಹೋದ ದಿನ ಹನ್ನೊಂದು ಗಂಟೆಗೆ ಅಂಗಡಿಗೆ ಟೀ ತಂದೆ. ಎಡಗೈಯಲ್ಲಿ ಗ್ಲೌಸು, ಬಲಗೈಯಲ್ಲಿ ದಾರ ಪೋಣಿಸಿದ ಸೂಜಿ, ತಲೆ ಬಗ್ಗಿತ್ತು. ಕರೆದೆ. ಓಗೊಡಲಿಲ್ಲ. ಕಿವುಡ ಅಲ್ಲವೇ ಅಂತ ದನಿ ಏರಿಸಿದೆ. "ಟೀ ಆರಿಹೋಗ್ತಿದೆ, ಆಮೇಲೆ ಬಿಸಿ ಮಾಡು ಅಂದ್ರೆ ನೋಡಿ, ನಿಮ್ಮ ಸೂಜಿಲೇ ನಿಮ್ಮ ಬಾಯಿ ಹೊಲಿದುಬಿಡ್ತೀನಿ" ಅಂದೆ. ಇನ್ನೂ ಏನೇನೋ ಅಂದೆ. ಪಕ್ಕದ ಬೀಗದ ಅಂಗಡಿಯವನು ನಗುತ್ತಾ ಬಂದವನು ಅವರ ಕೈ ಮುಟ್ಟಿ ನೋಡಿ, "ಅಜ್ಜೀ, ಸಾಕು ಸುಮ್ಮನಿರಿ" ಅಂದ. ಹೋದವರನ್ನು ನಾನು ಅಷ್ಟು ಹೊತ್ತು ಬೈಯುತ್ತಾ ನಿಂತಿದ್ದೆ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ನಿನಗೆ ಆಗ ಎಂಟನೇ ತಿಂಗಳು. ಮೊದಲೆರಡು ನಿಲ್ಲಲಿಲ್ಲ, ಈ ಸಲ ಹಾಸಿಗೆ ಬಿಟ್ಟು ಏಳಬಾರದು, ಮನಸ್ಸಿಗೆ ಪೆಟ್ಟು ಬೀಳಬಾರದು ಎಂದಿದ್ದರು ಡಾಕ್ಟರಮ್ಮ. ನಿನ್ನ ಗಂಡ ಆಫೀಸಿನ ಕೆಲಸ ಎಂದು ಸುಳ್ಳು ಹೇಳಿ ಬಂದು ಹೆಗಲು ಕೊಟ್ಟು ಹೋದ. ಬಾಯಿ ಬಿಡಬೇಡ ಎಂದು ಆಣೆ ಹಾಕಿಸಿದವಳು ನಾನು. ಅವನ ಮೇಲೆ ಹಾರಾಡಬೇಡ. ತಾಯಿಯಿಲ್ಲದ ನಿನ್ನನ್ನು ಎತ್ತಿ ಆಡಿಸಿದವರು ಹೋದಾಗ ಮುಖ ನೋಡಲೂ ನಿನ್ನನ್ನು ಬಿಡಲಿಲ್ಲವಲ್ಲ, ಆ ತಪ್ಪು ನನ್ನೊಬ್ಬಳದು. ಬೈಯುವುದಿದ್ದರೆ ನನ್ನನ್ನೇ ಬೈ.

ನಾಲ್ಕನೇ ದಿನ ನಿನ್ನ ಕಾಗದ ಬಂತು. "ಅಜ್ಜಾ, ಹತ್ತನೇ ಸುತ್ತು. ಉದ್ದಗೈ ನಿನ್ನ ಕಮ್ಮಾರನನ್ನು ಮೂಲೆಗೆ ತಳ್ಳಿದ್ದಾನೆ, ಈಗೇನು ಮಾಡ್ತೀಯ?" ನಾನೇನು ಮಾಡಲಿ ಹೇಳು. ಅಂಗಡಿಯಲ್ಲಿದ್ದ ಬೇರೊಂದು ಜೊತೆ ಗ್ಲೌಸು ಹಾಕಿಕೊಂಡು ಹಾಸಿಗೆಯ ಸುರುಳಿಗೆ ಎರಡು ಗುದ್ದಿ ನೋಡಿದೆ. ಯಾವ ಏಟು ಎಲ್ಲಿಂದ ಬರುತ್ತದೆ ಎಂದು ಆಗ ಸ್ವಲ್ಪ ತಿಳಿಯಿತು. ಹಳೆಯ ಮಾತುಗಳನ್ನೂ ಎತ್ತಿಕೊಂಡೆ. ನಿನಗೆ ಹತ್ತು ವರ್ಷವಿದ್ದಾಗ ಅವರು ಹಾಕಿಕೊಟ್ಟ ನಿಯಮವಿತ್ತಲ್ಲ, ಇಬ್ಬರನ್ನೂ ಅವರವರ ಒಳ್ಳೆಯ ವಯಸ್ಸಿನಲ್ಲೇ ನಿಲ್ಲಿಸಬೇಕು, ಯಾರನ್ನೂ ಮುದುಕನನ್ನಾಗಿ ಮಾಡಿ ಸೋಲಿಸಬಾರದು ಅಂತ. ಅದನ್ನೇ ಹಿಡಿದು ಹನ್ನೊಂದು, ಹನ್ನೆರಡು ದಾಟಿಸಿದೆ. ಫೋನಿನಲ್ಲಿ ಕೇಳಿದಾಗಲೆಲ್ಲ ಅಂಗಡಿಯಲ್ಲಿದ್ದಾರೆ ಅಂದೆ.

ಹದಿಮೂರರಲ್ಲಿ ಎಡವಿದೆ. ಆವತ್ತು ಬೆಳಿಗ್ಗೆ ಎರಡು ಲೋಟ ಟೀ ಮಾಡಿಬಿಟ್ಟಿದ್ದೆ. ಎರಡನೆಯದನ್ನು ಚೆಲ್ಲುವಾಗ ಅವರ ಮೇಲೆ ಎಲ್ಲಿಲ್ಲದ ಕೋಪ ಬಂತು. ಹೇಳದೆ ಕೇಳದೆ ಹೋದವರಿಗೆ ಒಂದೆರಡು ಬೀಳಲಿ ಎಂದು, ಕಮ್ಮಾರ ನಾಲ್ಕು ಹೆಜ್ಜೆ ಹಿಂದಕ್ಕೆ ಹೋದ, ಈ ಸುತ್ತು ನಿನ್ನದು ಎಂದು ಬರೆದು ಅಂಚೆಗೆ ಹಾಕಿದೆ.

ನೀನು ಒಂದೇ ಸಾಲು ಬರೆದೆ. "ಅಜ್ಜಾ, ನಿನ್ನ ಕಮ್ಮಾರ ಹಿಂದೆ ಹೆಜ್ಜೆ ಇಟ್ಟಿದ್ದನ್ನ ಇಷ್ಟು ವರ್ಷದಲ್ಲಿ ನಾನು ಕೇಳಿಲ್ಲ. ಹುಷಾರಾಗಿದ್ದೀಯಾ?"

ಆ ಕಾಗದ ಹಿಡಿದುಕೊಂಡು ಅವರ ಬೆಂಚಿನ ಮೇಲೆ ಕೂತವಳು ಮಧ್ಯಾಹ್ನದವರೆಗೂ ಏಳಲಿಲ್ಲ. ನಲವತ್ತೆಂಟು ವರ್ಷ ಸಂಸಾರ ಮಾಡಿದವಳು ನಾನು. ಅವರು ಸೋಲೊಪ್ಪುವವರಲ್ಲ ಎನ್ನುವುದು ನನಗೇ ಮರೆತುಹೋಯಿತು, ಮಲಗಿದ್ದಲ್ಲಿಂದಲೇ ನಿನಗೆ ಗೊತ್ತಾಯಿತು. ಸ್ವಲ್ಪ ನೆಗಡಿ ಎಂದು ಬರೆದು ಹದಿನಾಲ್ಕನೇ ಸುತ್ತಿನಲ್ಲಿ ಕಮ್ಮಾರನನ್ನು ಮತ್ತೆ ಮುಂದಕ್ಕೆ ನೂಕಿದೆ. ಅದೂ ಸುಳ್ಳೇ.

ಕೊನೆಯ ಗ್ಲೌಸು ಬೆಂಚಿನ ಮೇಲೇ ಇದೆ, ಅರ್ಧ ಹೊಲಿದು ಬಿಟ್ಟದ್ದು. ಅದನ್ನು ಕೊಟ್ಟ ಕೋಚು ಎರಡು ಸಲ ಬಂದ, ವಾಪಸ್ ಒಯ್ಯಲು ಅವನಿಗೆ ಮನಸ್ಸಾಗಲಿಲ್ಲ. ನೀನು ಬರುವವರೆಗೂ ಸೂಜಿಯನ್ನು ಅದರಿಂದ ಕೀಳುವುದಿಲ್ಲ. ಕೂಸನ್ನು ಆ ಬೆಂಚಿನ ಮೇಲೆ ಮಲಗಿಸು. ಜಗಳ ಆಡು, ಅಳು. ಬಾರದೆ ಮಾತ್ರ ಇರಬೇಡ.

ನಿನ್ನ ಬಾಯಿಬಡುಕಿ
ಅಜ್ಜಿ

ಇನ್ನೊಂದು ಮಾತು. ಇದನ್ನು ನಿನಗೆ ಹೇಳಬಾರದೆಂದು ಅವರು ಮಾತು ತೆಗೆದುಕೊಂಡಿದ್ದರು. ಆರನೇ ಸುತ್ತು ಬರೆಸುವಾಗ ನಡುವೆ ನಿಲ್ಲಿಸಿ, "ಅವಳ ಉದ್ದಗೈ ಯಾವತ್ತೋ ಗೆದ್ದಾಯ್ತು ಕಣೇ, ಆ ಕೈಗಳನ್ನ ದಾಟಿ ಹತ್ತಿರ ಹೋಗೋಕೇ ನಮ್ಮೋನಿಗೆ ಆಗಲ್ಲ" ಅಂದರು. ಹಾಗಾದರೆ ಒಪ್ಪಿಕೊಂಡುಬಿಡಿ, ನನ್ನ ಗಂಟಲಾದರೂ ಉಳಿಯಲಿ ಅಂದೆ. "ಒಪ್ಪಿಕೊಂಡ್ರೆ ಅವಳು ಯಾಕೆ ಬರೀತಾಳೆ?" ಅಂದರು. ಹದಿನೈದನೇ ಸುತ್ತು ಬಾಕಿ ಇದೆ. ನಾನೂ ಒಪ್ಪಿಕೊಂಡಿಲ್ಲ.