ಒರೆಸುವಾಗ ಬೀಗ ಬೇಡ

ಪ್ರೀತಿಯ ಚಿಕ್ಕಪ್ಪನಿಗೆ,

ಈ ಕಾಗದವನ್ನು ಚಿಕ್ಕಮ್ಮ ನಿಮಗೆ ಓದಿ ಹೇಳುತ್ತಾರೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಚಿಕ್ಕಮ್ಮ, ನಡುವೆ ಅವರು ತಲೆ ಅಲ್ಲಾಡಿಸಲು ಶುರು ಮಾಡಿದರೆ ನಿಲ್ಲಿಸಬೇಡಿ, ಪೂರ್ತಿ ಓದಿಬಿಡಿ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅಲ್ಲಿ ನನ್ನ ಎರಡನೇ ಮಾತಿಗೇ ನೀವು ಬಾಯಿ ಹಾಕುತ್ತೀರಿ, ಮೂರನೆಯದಕ್ಕೆ ನಾನು ಜಗಳಕ್ಕೆ ನಿಲ್ಲುತ್ತೇನೆ.

ವಿಷಯ ಇಷ್ಟೇ. ಬರುವ ವಾರ ನಿಮ್ಮ ಬಲಗಣ್ಣಿನ ಆಪರೇಷನ್ ಆಗುವುದು ನೀವೇ ಪ್ರೋಗ್ರಾಂ ಬರೆದ ಯಂತ್ರದಲ್ಲಿ. ಡಾಕ್ಟರು ಕಣ್ಣನ್ನು ನೇರವಾಗಿ ನೋಡುವುದಿಲ್ಲ. ಕ್ಯಾಮೆರಾ ಕಳಿಸಿದ ಚಿತ್ರವನ್ನು ಎದುರಿನ ದೊಡ್ಡ ಪರದೆಯಲ್ಲಿ ನೋಡಿಕೊಂಡು ಕೈ ಆಡಿಸುತ್ತಾರೆ. ಆ ಚಿತ್ರವನ್ನು ಪರದೆಗೆ ಮುಟ್ಟಿಸುವ ಪ್ರೋಗ್ರಾಂ, ಗ್ರಾಫಿಕ್ಸ್ ಡ್ರೈವರ್, ನಿಮ್ಮದು. ನೀವು ನಿವೃತ್ತರಾದ ಮೇಲೆ ಅದನ್ನು ನೋಡಿಕೊಳ್ಳುವ ಕೆಲಸ ನಿಮ್ಮ ಅಣ್ಣನ ಮಗಳಾದ ನನ್ನ ಪಾಲಿಗೇ ಬಂತು ಎಂದು ಮನೆಯವರೆಲ್ಲ ಖುಷಿಪಟ್ಟರು. ನಾನು ಪಡಲಿಲ್ಲ. ಆ ಚಿತ್ರ ಆಗೊಮ್ಮೆ ಈಗೊಮ್ಮೆ ಕಣ್ಣು ಮಿಟುಕಿಸುವಷ್ಟು ಹೊತ್ತು ನಿಂತುಬಿಡುತ್ತದೆ ಎಂದು ನನಗೆ ಗೊತ್ತಿತ್ತು.

ಮೊನ್ನೆ ಆಸ್ಪತ್ರೆಗೆ ಹೋಗಿ ಡಾಕ್ಟರನ್ನು ಕೇಳಿದೆ. "ಹೌದಮ್ಮ, ನಿಲ್ಲುತ್ತೆ. ಅದು ನಿಂತಾಗ ನಾನೂ ಕೈ ನಿಲ್ಲಿಸ್ತೀನಿ. ಅಭ್ಯಾಸ ಆಗಿಹೋಗಿದೆ" ಅಂದರು, ಕೈಗವಸು ಕಳಚುತ್ತಲೇ. ಅವರಿಗೆ ಅದೇನೂ ದೊಡ್ಡ ವಿಷಯವಾಗಿರಲಿಲ್ಲ. ಆದರೆ ಚಿತ್ರ ನಿಂತಿದೆ ಎಂದು ತಿಳಿಯುವಷ್ಟರಲ್ಲಿ ಕೈ ಒಂದಿಷ್ಟು ಮುಂದೆ ಹೋಗಿರುತ್ತದೆ. ಎಡಗಣ್ಣು ಆಗಲೇ ಹೋಗಿದೆ, ನಿಮಗೆ ಉಳಿದಿರುವುದು ಇದೊಂದೇ. ನನಗೆ ಹೆದರಿಕೆ ಆಯಿತು.

ಯಾಕೆ ನಿಲ್ಲುತ್ತದೆ ಎಂದು ಹುಡುಕುತ್ತಾ ಹೋದರೆ ಸಿಕ್ಕಿದ್ದು ನಿಮ್ಮ ಬೀಗ. ಚಿಕ್ಕಮ್ಮನಿಗೂ ಅರ್ಥವಾಗಲಿ ಎಂದು ಬಿಡಿಸಿ ಹೇಳುತ್ತೇನೆ. ಬರುವ ಪ್ರತಿ ಚಿತ್ರಕ್ಕೂ ಮೆಮೊರಿಯಲ್ಲಿ ಜಾಗ ಬೇಕು. ತೋರಿಸಿ ಮುಗಿದ ಮೇಲೆ ಆ ಜಾಗವನ್ನು ಒರೆಸಿ ವಾಪಸ್ ಕೊಡಬೇಕು. ನೀವು ಬರೆದ ಕೋಡು, ಜಾಗ ಒರೆಸುವ ಮೊದಲು ಇಡೀ ಮೆಮೊರಿಗೇ ಬೀಗ ಹಾಕುತ್ತದೆ, ಒರೆಸಿ ಮುಗಿಸಿದ ಮೇಲೆಯೇ ತೆಗೆಯುತ್ತದೆ. ಅಷ್ಟು ಹೊತ್ತೂ ಜಾಗ ಕೇಳಿಕೊಂಡು ಬಂದ ಹೊಸ ಚಿತ್ರ ಹೊರಗೆ ಕಾಯಬೇಕು. ಉಂಡು ಎದ್ದವರ ಒಂದು ತಟ್ಟೆ ತೊಳೆಯಲು ಅಡುಗೆಮನೆಗೇ ಚಿಲಕ ಹಾಕಿಕೊಂಡು, ಹಸಿದು ಬಂದವರನ್ನು ಹೊರಗೆ ನಿಲ್ಲಿಸಿದ ಹಾಗೆ.

ಯಾಕೆ ಹಾಗೆ ಮಾಡಿದಿರಿ ಎನ್ನುವುದೂ ಗೊತ್ತು. ಒಮ್ಮೆ ಒಬ್ಬರ ಆಪರೇಷನ್ ನಡುವೆ ಹಿಂದಿನ ರೋಗಿಯ ಕಣ್ಣು ಪರದೆಯ ಮೇಲೆ ಬಂದು ಹೋಗಿತ್ತು. ಒರೆಸುವ ಮೊದಲೇ ಆ ಜಾಗ ಇನ್ನೊಂದು ಚಿತ್ರದ ಪಾಲಾಗಿತ್ತು. ಯಾರಿಗೂ ಏನೂ ಆಗಲಿಲ್ಲ, ಆದರೆ ನೀವು ಎಷ್ಟೋ ದಿನ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ಅನುಮಾನ ಬಂದ ಕಡೆಯೆಲ್ಲ ಬೀಗ ಜಡಿದಿರಿ. ಜೊತೆಗೆ ಬೀಗ ಹಾಕಿದವರು ಒಪ್ಪದೆ ಯಾರೂ ಅದನ್ನು ಮುಟ್ಟಬಾರದು ಎಂದು ಕಟ್ಟಪ್ಪಣೆ ಮಾಡಿದಿರಿ. "ತೆಗೆಯೋರಿಗೆ ಅರ್ಜೆಂಟು, ಅನುಭವಿಸೋರು ಬೇರೆಯವರು" ಅನ್ನುತ್ತಿದ್ದಿರಿ. ಆಫೀಸಿನಲ್ಲಿ ಈಗಲೂ ಆ ನಿಯಮವನ್ನು ಯಾರೂ ಮೀರುವುದಿಲ್ಲ. ಹೊಸ ಮೇಲಧಿಕಾರಿ ನನ್ನ ತಿದ್ದುಪಡಿ ನೋಡಿ, "ಚೆನ್ನಾಗಿದೆ. ನಿಮ್ಮ ಚಿಕ್ಕಪ್ಪನ್ನ ಒಂದು ಮಾತು ಕೇಳಿ" ಎಂದು ಜಾರಿಕೊಂಡರು.

ನಾನು ಬೀಗ ಕಿತ್ತು ಹಾಕಿಲ್ಲ, ಸಣ್ಣದು ಮಾಡಿದ್ದೇನೆ. ಒಂದು ಜಾಗವನ್ನು ಯಂತ್ರದ ಯಾವ್ಯಾವ ಭಾಗಗಳು ಹಿಡಿದುಕೊಂಡಿವೆ ಎಂದು ಲೆಕ್ಕ ಇಡುವುದು ನೀವೇ ಮಾಡಿದ ವ್ಯವಸ್ಥೆ. ಪರದೆಯೂ ಸೇರಿ ಎಲ್ಲವೂ ಕೈಬಿಟ್ಟ ಮೇಲೆಯೇ ಒರೆಸುವ ಸರದಿ ಬರುತ್ತದೆ. ಆಗ ಆ ಜಾಗದ ಗುರುತು ಬೇರೆ ಯಾರ ಬಳಿಯೂ ಇರುವುದಿಲ್ಲ. ಬರಲಾರದವರಿಗೆ ಬಾಗಿಲು ಹಾಕಿ ಏನು ಪ್ರಯೋಜನ? ಬೀಗ ಬೇಕಾದದ್ದು ಒರೆಸಿದ್ದನ್ನು ಖಾಲಿ ಜಾಗಗಳ ಸಾಲಿಗೆ ಸೇರಿಸುವ ಗಳಿಗೆಯಲ್ಲಿ ಮಾತ್ರ. ಅಲ್ಲಿ ಹಾಗೇ ಬಿಟ್ಟಿದ್ದೇನೆ. ಪರೀಕ್ಷೆಯ ಯಂತ್ರವನ್ನು ಬಿಡುವಿಲ್ಲದೆ ಓಡಿಸಿ ನೋಡಿದ್ದಾಯಿತು. ಚಿತ್ರ ಎಲ್ಲೂ ನಿಲ್ಲಲಿಲ್ಲ, ಹಳೆಯದು ಇಣುಕಲೂ ಇಲ್ಲ.

ಒಪ್ಪುವುದು ನಿಮಗೆ ಕಷ್ಟ ಎಂದು ಬಲ್ಲೆ. ನನ್ನ ಒಂದು ಸಾಲನ್ನೂ ನೀವು ಕಣ್ಣಾರೆ ನೋಡದೆ ಒಪ್ಪಿದವರಲ್ಲ. ಕನ್ನಡಕ ಹಣೆಗೇರಿಸಿ, ಪರದೆಗೆ ಮೂಗು ತಾಗಿಸಿ, "ಎಲ್ಲಿ, ಕೆಳಗೆ ಹೋಗು. ಇನ್ನೂ ಕೆಳಗೆ. ಗಡಿಬಿಡಿ ಮಾಡ್ಬೇಡ" ಅನ್ನುತ್ತಿದ್ದಿರಿ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಈಗ ನೀವು ಪಕ್ಕದಲ್ಲಿ ಕೂತು ನಾಲ್ಕು ತಪ್ಪು ಹುಡುಕಿದ್ದರೆ ನಾನು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆ. ಆದರೆ ಪರದೆಯ ಮೇಲಿನ ಅಕ್ಷರ ನಿಮಗೆ ಕಾಣುವುದಿಲ್ಲ. ಈ ಸಲ ನೋಡಿ ಒಪ್ಪಲಾಗದು, ಕೇಳಿ ಒಪ್ಪಬೇಕು.

ಬೇಡ ಅಂದರೆ ಹಳೆಯದೇ ಇರುತ್ತದೆ. ಡಾಕ್ಟರು ಕೈ ನಿಲ್ಲಿಸಿ ನಿಲ್ಲಿಸಿ ಮುಗಿಸುತ್ತಾರೆ, ಬಹುಶಃ ಏನೂ ಆಗುವುದಿಲ್ಲ. ಹೂಂ ಅಂದರೆ, ನೀವು ಓದದ ನನ್ನ ಕೋಡನ್ನು ನಂಬಿ ಎಲ್ಲರಿಗಿಂತ ಮೊದಲು ಆಪರೇಷನ್ ಮೇಜಿನ ಮೇಲೆ ಮಲಗುವವರು ನೀವೇ. ಅಣ್ಣನ ಮಗಳು ಕೇಳಿದಳು, ಪಾಪ, ಎಂದು ಹೂಂ ಅನ್ನಬೇಡಿ. ನೀವು ಕಲಿಸಿದ ಕೆಲಸ ನನಗೆ ಬಂದಿದೆ ಎಂದು ಅನ್ನಿಸಿದರೆ ಮಾತ್ರ ಅನ್ನಿ.

ಬಂದಿದೆ, ಚಿಕ್ಕಪ್ಪ.

ಕಣ್ಣು ಚೆನ್ನಾಗಿ ಕಾಣಲಿ, ಆಯಸ್ಸು ಗಟ್ಟಿಯಾಗಿರಲಿ.

ನಿಮ್ಮ ಕೈಕೆಳಗೆ ಕಲಿತವಳು